"ಕಾಣದ ಕೈಗಳ ಕೈವಾಡ" ಎಂದು ನಾಯಕರು ಹೇಳಿದಾಗ: ಆ ಮಾತನ್ನು ಪರೀಕ್ಷಿಸುವ ಬಗೆ

"ಇದರ ಹಿಂದೆ ದೊಡ್ಡ ಷಡ್ಯಂತ್ರವಿದೆ, ಕಾಣದ ಕೈಗಳು ಕೆಲಸ ಮಾಡುತ್ತಿವೆ." ನಾಯಕರೊಬ್ಬರು ಹೀಗೆಂದ ಕೂಡಲೇ ಅವರ ಕಡೆಯವರು ತಲೆದೂಗುತ್ತಾರೆ, ಎದುರು ಕಡೆಯವರು ತಳ್ಳಿಹಾಕುತ್ತಾರೆ. ಮಾತನ್ನು ಪರೀಕ್ಷಿಸಿದವರು ಎರಡೂ ಕಡೆ ಸಿಗುವುದು ಅಪರೂಪ. ಪಿತೂರಿಗಳು ನಿಜವಾಗಿ ನಡೆದದ್ದುಂಟು. ಆದ್ದರಿಂದ ಆ ಪದ ಕಿವಿಗೆ ಬಿದ್ದೊಡನೆ ಸುಳ್ಳು ಎಂದು ತೀರ್ಮಾನಿಸುವುದೂ ಅವಸರವೇ.

ಬೀದಿಯ ಗಾಳಿಮಾತಿಗೂ ನಾಯಕರ ಮಾತಿಗೂ ಮುಖ್ಯವಾದ ಒಂದು ಅಂತರವಿದೆ. ಸಾಮಾನ್ಯ ಮನುಷ್ಯನಿಗೆ ಸಂಶಯ ಬಂದರೆ ದಾಖಲೆ ತರಿಸುವ ಸುಲಭ ದಾರಿ ಅವನಿಗಿಲ್ಲ. ನಾಯಕರಿಗಿದೆ. ಅವರು ತನಿಖೆಗೆ ಆದೇಶಿಸಬಹುದು, ಸದನದಲ್ಲಿ ಪ್ರಶ್ನೆ ಎತ್ತಬಹುದು, ವಕೀಲರನ್ನು ಇಟ್ಟುಕೊಂಡು ನ್ಯಾಯಾಲಯಕ್ಕೆ ಹೋಗಬಹುದು. ಹಾಗಾಗಿ ನಾಯಕರ ಪಿತೂರಿ ಮಾತನ್ನು ಅಳೆಯುವಾಗ ಕೇಳಬೇಕಾದ ಪ್ರಶ್ನೆ ಇದು: ಮೈಕಿನ ಮುಂದೆ ಹೇಳಿದ್ದನ್ನೇ ಅವರು ಸುಳ್ಳು ಹೇಳಿದರೆ ದಂಡ ತೆರಬೇಕಾದ ಜಾಗದಲ್ಲೂ ಹೇಳಿದರೇ? ಕೆಳಗಿನ ಹಂತಗಳೆಲ್ಲ ಈ ಪ್ರಶ್ನೆಯ ಕಡೆಗೇ ಸಾಗುತ್ತವೆ. ಒಂದು ಹೇಳಿಕೆಗೆ ಎರಡು ಗಂಟೆ ಮೀಸಲಿಟ್ಟುಕೊಳ್ಳಿ. ಒಂದು ನೋಟ್‌ಬುಕ್ ಅಥವಾ ಸ್ಪ್ರೆಡ್‌ಶೀಟ್, ಇಂಟರ್‌ನೆಟ್ ಇರುವ ಒಂದು ಕಂಪ್ಯೂಟರ್ ಇದ್ದರೆ ಸಾಕು.

ಹಂತ 1: ಮಾತನ್ನು ಮೂಲದಲ್ಲೇ ಹಿಡಿಯಿರಿ

ನಿಮಗೆ ಬಂದಿರುವುದು ಬಹುಪಾಲು 20–30 ಸೆಕೆಂಡಿನ ತುಣುಕು, ಇಲ್ಲವೇ ಪೋಸ್ಟರ್ ಮೇಲೆ ಅಚ್ಚಾದ ಒಂದು ಸಾಲು. ಅದರ ಮೇಲೆ ಕೆಲಸ ಶುರು ಮಾಡಬೇಡಿ. ಪೂರ್ತಿ ಭಾಷಣವನ್ನು ಹುಡುಕಿ. ನಾಯಕರ ಅಥವಾ ಪಕ್ಷದ ಅಧಿಕೃತ ಚಾನೆಲ್, ಸದನದ ಕಲಾಪದ ದಾಖಲೆ, ನೇರ ಪ್ರಸಾರ ಮಾಡಿದ ಸುದ್ದಿವಾಹಿನಿ, ಈ ಕ್ರಮದಲ್ಲಿ ನೋಡಿ. ಸಿಕ್ಕಿದ ಮೇಲೆ ಆ ಮಾತಿಗೆ ಎರಡು ನಿಮಿಷ ಹಿಂದಿನಿಂದ ಎರಡು ನಿಮಿಷ ಮುಂದಿನವರೆಗೆ ಕೇಳಿ, ಹೇಳಿದ್ದನ್ನು ಅಕ್ಷರಶಃ ಬರೆದುಕೊಳ್ಳಿ. "ಹೀಗಂತ ಕೆಲವರು ಹೇಳುತ್ತಿದ್ದಾರೆ, ನಾನು ಒಪ್ಪುವುದಿಲ್ಲ" ಎಂಬ ವಾಕ್ಯದ ಮೊದಲರ್ಧ ಮಾತ್ರ ಕತ್ತರಿಸಿ ಹಂಚುವುದು ಹಳೆಯ ಕೈಚಳಕ. ಪಿತೂರಿ ಮಾತನ್ನು ಆಡದವರ ತಲೆಗೂ ಅದನ್ನು ಕಟ್ಟುತ್ತಾರೆ.

ಭಾಷಣ ಬೇರೆ ಭಾಷೆಯಲ್ಲಿದ್ದರೆ ಸಬ್‌ಟೈಟಲ್ ನಂಬಬೇಡಿ. ಆ ಭಾಷೆ ಬಲ್ಲ, ಒಬ್ಬರಿಗೊಬ್ಬರು ಸಂಬಂಧವಿಲ್ಲದ ಇಬ್ಬರಿಂದ ಪ್ರತ್ಯೇಕವಾಗಿ ಅರ್ಥ ಕೇಳಿ. ಧ್ವನಿ ಮಾತ್ರ ಇರುವ ಕ್ಲಿಪ್ ಆದರೆ ಇನ್ನೂ ಎಚ್ಚರ ಬೇಕು. ಯಾವ ಸಭೆ, ಯಾವ ದಿನ, ಅಲ್ಲಿ ಮತ್ಯಾರು ಇದ್ದರು ಎಂಬ ಮೂರೂ ತಿಳಿಯದಿದ್ದರೆ ಅದನ್ನು ಬದಿಗಿಡಿ. ಕೃತಕ ಧ್ವನಿ ತಯಾರಿಸುವುದು ಈಗ ನಿಮಿಷಗಳ ಕೆಲಸ.

ಸಿಕ್ಕಿದ್ದನ್ನು ಆಗಲೇ ಉಳಿಸಿಕೊಳ್ಳಿ. ಜಾಲಪುಟಗಳ ಹಳೆಯ ಪ್ರತಿಗಳನ್ನು ಕಾಪಿಡುವ ವೇಬ್ಯಾಕ್ ಮಷೀನ್ ಎಂಬ ತಾಣಕ್ಕೆ ಪುಟದ ವಿಳಾಸ ಕೊಟ್ಟರೆ ಆ ಹೊತ್ತಿನ ಪ್ರತಿ ದಿನಾಂಕ ಸಮೇತ ಉಳಿಯುತ್ತದೆ. ಆದರೆ ಸಾಮಾಜಿಕ ಜಾಲತಾಣದ ವಿಡಿಯೊಗಳು ಅಲ್ಲಿ ಬಹಳ ಸಲ ಸರಿಯಾಗಿ ದಾಖಲಾಗುವುದಿಲ್ಲ. ಅವುಗಳಿಗೆ ಸ್ಕ್ರೀನ್ ರೆಕಾರ್ಡಿಂಗ್ ಮಾಡಿ, ವಿಳಾಸ, ಖಾತೆಯ ಹೆಸರು, ಹಾಕಿದ ದಿನಾಂಕ, ಮಾತು ಬರುವ ನಿಮಿಷ ಮತ್ತು ಸೆಕೆಂಡ್ ಬರೆದಿಡಿ. ಟೀಕೆ ಬಂದ ಮರುಗಳಿಗೆ ಪೋಸ್ಟ್ ಅಳಿಸುವುದುಂಟು. ಆಮೇಲೆ "ನಾನು ಹಾಗೆ ಹೇಳಲೇ ಇಲ್ಲ" ಎಂದರೆ ನಿಮ್ಮ ಬಳಿ ಏನೂ ಉಳಿದಿರುವುದಿಲ್ಲ.

ಹಂತ 2: ಹೇಳಿಕೆಯನ್ನು ಎಳೆ ಎಳೆಯಾಗಿ ಬಿಡಿಸಿ

ಐದು ಕಾಲಂ ಹಾಕಿ: ಯಾರು, ಏನು ಮಾಡಿದರು, ಯಾವಾಗ, ಹೇಗೆ, ಯಾವ ಉದ್ದೇಶಕ್ಕೆ. ಬರೆದುಕೊಂಡ ಮಾತನ್ನು ಇವುಗಳಲ್ಲಿ ತುಂಬಿ. ಪಿತೂರಿ ಮಾತುಗಳಲ್ಲಿ "ಉದ್ದೇಶ" ತುಂಬಿ ತುಳುಕುತ್ತದೆ, "ಯಾವಾಗ", "ಹೇಗೆ" ಖಾಲಿ ಉಳಿಯುತ್ತವೆ, "ಯಾರು" ಎನ್ನುವಲ್ಲಿ "ಅವರು", "ವಿದೇಶಿ ಶಕ್ತಿಗಳು", "ವ್ಯವಸ್ಥೆ" ಎಂದಿರುತ್ತದೆ. ಖಾಲಿ ಬಿಟ್ಟ ಜಾಗವನ್ನು ನೀವೇ ಊಹಿಸಿ ತುಂಬಬೇಡಿ, ಖಾಲಿ ಎಂದೇ ಬರೆಯಿರಿ. ಕೇಳುಗ ತನಗಾಗದವರ ಹೆಸರನ್ನು ಅಲ್ಲಿ ತಾನೇ ತುಂಬಿಕೊಳ್ಳಲಿ ಎಂದೇ ಆ ಜಾಗವನ್ನು ಬಿಟ್ಟಿರುವುದು.

ಮುಂದೆ ವಾಕ್ಯದ ರೂಪವನ್ನು ಗುರುತಿಸಿ. ನೇರ ಆರೋಪವೇ, "ಅಂತೆ"ಯೇ, ಅಥವಾ "ನಾನು ಪ್ರಶ್ನೆ ಕೇಳುತ್ತಿದ್ದೇನೆ ಅಷ್ಟೇ" ಎನ್ನುವ ಧಾಟಿಯೇ? ಕೊನೆಯ ಎರಡು ರೂಪಗಳಲ್ಲಿ ಆರೋಪ ಜನರ ಮನಸ್ಸಿಗೆ ತಲುಪುತ್ತದೆ, ಹೊಣೆ ಮಾತ್ರ ಹೇಳಿದವರ ಮೇಲೆ ಬೀಳುವುದಿಲ್ಲ. ಡೊನಾಲ್ಡ್ ಟ್ರಂಪ್ 2011ರಿಂದ ಬರಾಕ್ ಒಬಾಮಾ ಅವರ ಜನ್ಮಸ್ಥಳದ ಬಗ್ಗೆ ಎಬ್ಬಿಸಿದ ಸಂಶಯ ಬಹುಮಟ್ಟಿಗೆ ಈ ಧಾಟಿಯದ್ದೇ. 2012ರ ಆಗಸ್ಟ್‌ನಲ್ಲಿ, ಜನನ ಪ್ರಮಾಣಪತ್ರ ನಕಲಿ ಎಂದು "ಅತ್ಯಂತ ನಂಬಲರ್ಹ ಮೂಲ"ವೊಂದು ತಮಗೆ ತಿಳಿಸಿದೆ ಎಂದು ಬರೆದರು. ಮೂಲ ಯಾವುದೆಂದು ಹೇಳಲಿಲ್ಲ.

ಕೊನೆಗೆ, ಪರೀಕ್ಷಿಸಲು ಬರುವ ಎಳೆ ಮತ್ತು ಬಾರದ ಎಳೆಗಳನ್ನು ಬೇರೆ ಮಾಡಿ. "ನಮ್ಮ ಸಂಸ್ಕೃತಿಯನ್ನು ಮುಗಿಸಲು ನೋಡುತ್ತಿದ್ದಾರೆ" ಎನ್ನುವುದನ್ನು ಯಾವ ದಾಖಲೆಯಿಂದಲೂ ಅಳೆಯಲಾಗದು. "ಇಂಥ ದಿನ ಇಂಥ ಮತಗಟ್ಟೆಯಲ್ಲಿ ಇಷ್ಟು ಮತ ಹೆಚ್ಚು ಬಿತ್ತು" ಎನ್ನುವುದನ್ನು ಅಳೆಯಬಹುದು. ಒಂದು ಭಾಷಣದಲ್ಲಿ ಅಳೆಯಬಹುದಾದ ಎಳೆ ಎರಡೋ ಮೂರೋ ಸಿಕ್ಕಾವು. ಮುಂದಿನ ಕೆಲಸವೆಲ್ಲ ಅವುಗಳ ಮೇಲೆಯೇ.

ಹಂತ 3: ಅಂಕಿ ಎಲ್ಲೆಲ್ಲಿ ಬದಲಾಯಿತು ನೋಡಿ

ಅಂಕಿ ಹೇಳಿದರೆ ಮಾತಿಗೆ ತೂಕ ಬರುತ್ತದೆ. ಹಾಗಾಗಿ ಅಂಕಿಯನ್ನೇ ಮೊದಲು ಹಿಡಿಯಿರಿ. ಅದೇ ನಾಯಕರು ಅದೇ ವಿಷಯದ ಬಗ್ಗೆ ಹಿಂದೆ, ಮುಂದೆ ಹೇಳಿದ್ದನ್ನು ದಿನಾಂಕದ ಮಿತಿ ಹಾಕಿ ಹುಡುಕಿ, ಒಂದರ ಕೆಳಗೊಂದು ಬರೆಯಿರಿ.

ಇದಕ್ಕೆ ಜೋಸೆಫ್ ಮೆಕಾರ್ಥಿಗಿಂತ ಸ್ಪಷ್ಟವಾದ ಉದಾಹರಣೆ ಸಿಗದು. ಅಮೆರಿಕದ ಈ ಸೆನೆಟರ್ 1950ರ ಫೆಬ್ರುವರಿ 9ರಂದು ವೆಸ್ಟ್ ವರ್ಜೀನಿಯಾದ ವೀಲಿಂಗ್ ಎಂಬಲ್ಲಿ, ವಿದೇಶಾಂಗ ಇಲಾಖೆಯಲ್ಲಿರುವ 205 ಕಮ್ಯುನಿಸ್ಟರ ಪಟ್ಟಿ ತಮ್ಮ ಕೈಯಲ್ಲಿದೆ ಎಂದರೆಂದು ವರದಿಯಾಯಿತು. ಮರುದಿನ ಸಾಲ್ಟ್ ಲೇಕ್ ಸಿಟಿಯಲ್ಲಿ ಸಂಖ್ಯೆ 57 ಆಯಿತು. ಫೆಬ್ರುವರಿ 20ರಂದು ಸೆನೆಟ್‌ನಲ್ಲಿ 81 ಪ್ರಕರಣ ಎಂದರು. ಹನ್ನೊಂದೇ ದಿನದಲ್ಲಿ ಮೂರು ಅಂಕಿ. ಕೈಯಲ್ಲಿ ಪಟ್ಟಿ ಇದ್ದವರಿಗೆ ಎಣಿಕೆ ಹೀಗೆ ತಪ್ಪುವುದಿಲ್ಲ. ಆರೋಪದ ತನಿಖೆಗೆಂದು ರಚನೆಯಾದ ಸೆನೆಟ್ ಉಪಸಮಿತಿಯ ಬಹುಮತದ ವರದಿ ಅದೇ ವರ್ಷ ಇದನ್ನು ವಂಚನೆ ಎಂದು ಕರೆಯಿತು. ಆದರೂ ಸೆನೆಟ್ 67–22 ಮತಗಳಿಂದ ಅವರನ್ನು ಖಂಡಿಸಿದ್ದು 1954ರ ಡಿಸೆಂಬರ್ 2ರಂದು. ಆ ನಾಲ್ಕು ಚಿಲ್ಲರೆ ವರ್ಷಗಳಲ್ಲಿ ಎಷ್ಟೋ ಜನ ಕೆಲಸ ಕಳೆದುಕೊಂಡರು.

ಸಂಖ್ಯೆ ಬದಲಾದರೆ ಅದೊಂದರಿಂದಲೇ ಮಾತು ಸುಳ್ಳಾಗುವುದಿಲ್ಲ. ತನಿಖೆ ಮುಂದುವರಿದಂತೆ ನಿಜವಾದ ಅಂಕಿಯೂ ಏರಿಳಿಯುತ್ತದೆ. ಬದಲಾದಾಗ ಕಾರಣ ಕೊಟ್ಟರೇ, ಹೊಸ ದಾಖಲೆ ತೋರಿಸಿದರೇ ಎಂಬುದನ್ನು ಬರೆದುಕೊಳ್ಳಿ.

ಹಂತ 4: ಮಾತು ಹುಟ್ಟಿದ ಜಾಗಕ್ಕೆ ಹೋಗಿ

ನಾಯಕರು ಹೇಳುವ ಪಿತೂರಿ ಮಾತು ಅವರಲ್ಲೇ ಹುಟ್ಟಿರುವುದು ಕಡಿಮೆ, ಎಲ್ಲಿಂದಲೋ ಎತ್ತಿಕೊಂಡಿರುತ್ತಾರೆ. "ಹತ್ತು ಕಡೆ ಬಂದಿದೆ" ಎಂಬ ಕಾರಣಕ್ಕೆ ನಂಬಬೇಡಿ. ಆ ಹತ್ತನ್ನೂ ತೆರೆದು ಪ್ರತಿಯೊಂದೂ ಯಾರನ್ನು ಉಲ್ಲೇಖಿಸುತ್ತದೆ ನೋಡಿ. ಒಂಬತ್ತು ಹತ್ತನೆಯದನ್ನು ತೋರಿಸುತ್ತವೆ, ಹತ್ತನೆಯದು ಮೊದಲನೆಯದನ್ನು ತೋರಿಸುತ್ತದೆ ಎಂದಾದರೆ ನಿಮ್ಮ ಕೈಯಲ್ಲಿರುವುದು ಬರೀ ಒಂದು ವೃತ್ತ.

ಇಂಥ ವೃತ್ತವನ್ನು ಬೇಕೆಂದೇ ಕಟ್ಟಿದ ದಾಖಲೆ ಇದೆ. 1983ರ ಜುಲೈನಲ್ಲಿ ದೆಹಲಿಯ 'ಪೇಟ್ರಿಯಟ್' ಪತ್ರಿಕೆಯಲ್ಲಿ ಹೆಸರಿಲ್ಲದ ಅಮೆರಿಕನ್ ವಿಜ್ಞಾನಿಯದೆಂದು ಒಂದು ಪತ್ರ ಬಂತು. ಏಡ್ಸ್ ರೋಗವನ್ನು ಅಮೆರಿಕದ ಸೇನೆ ಪ್ರಯೋಗಾಲಯದಲ್ಲಿ ತಯಾರಿಸಿತು ಎಂಬುದು ಅದರ ಸಾರ. ಎರಡು ವರ್ಷದ ಬಳಿಕ, 1985ರಲ್ಲಿ, ಸೋವಿಯತ್ ವಾರಪತ್ರಿಕೆಯೊಂದು ಆ ಪತ್ರವನ್ನೇ ಆಧಾರವಾಗಿಟ್ಟು ಬರೆಯಿತು. ಅಲ್ಲಿಂದ ಅದು ದೇಶ ದೇಶಗಳ ಪತ್ರಿಕೆಗಳಿಗೆ ಹರಡಿತು. ಮೊದಲ ಪತ್ರದ ಹಿಂದೆ ಇದ್ದದ್ದು ಸೋವಿಯತ್ ಗುಪ್ತಚರ ಸಂಸ್ಥೆಯಾದ ಕೆಜಿಬಿ. ಸೋವಿಯತ್ ಗುಪ್ತಚರರ ಕೈವಾಡವನ್ನು 1992ರಲ್ಲಿ ರಷ್ಯಾದ ವಿದೇಶಿ ಗುಪ್ತಚರ ಸಂಸ್ಥೆಯ ಮುಖ್ಯಸ್ಥ ಯೆವ್ಗೆನಿ ಪ್ರಿಮಕೋವ್ ಒಪ್ಪಿಕೊಂಡರು. ಮೊದಲ ಕೊಂಡಿಯಲ್ಲಿ ಹೆಸರಿಲ್ಲ, ಆ ಕೊಂಡಿ ಬಹಳ ದೂರದ ಊರಿನಲ್ಲಿದೆ, ನಡುವೆ ಎರಡು ವರ್ಷ ಮೌನ. ಈ ಮೂರು ಲಕ್ಷಣಗಳು ಒಟ್ಟಿಗೆ ಕಂಡರೆ ಮುಂದಕ್ಕೆ ಹೆಜ್ಜೆ ಇಡುವ ಮೊದಲು ನಿಲ್ಲಿ.

ಫೋಟೊ ಅಥವಾ ವಿಡಿಯೊ ಆಧಾರ ಕೊಟ್ಟಿದ್ದರೆ ರಿವರ್ಸ್ ಇಮೇಜ್ ಸರ್ಚ್ ಮಾಡಿ, ಅಂದರೆ ಆ ಚಿತ್ರವನ್ನೇ ಕೊಟ್ಟು ಅದು ಮೊದಲು ಎಲ್ಲಿ ಬಂದಿತ್ತೆಂದು ಹುಡುಕಿ. ವಿಡಿಯೊದಲ್ಲಿ ದೃಶ್ಯ ಬದಲಾಗುವ ನಾಲ್ಕೈದು ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆಯಿರಿ. ಚಾನೆಲ್ ಲೋಗೊ, ಮೇಲೆ ಅಂಟಿಸಿದ ಬರಹ ಕತ್ತರಿಸಿಹಾಕಿ, ಅವಿದ್ದರೆ ಹುಡುಕಾಟ ಆ ಬರಹದ ಹಿಂದೆ ಹೋಗುತ್ತದೆ. ಗೂಗಲ್ ಲೆನ್ಸ್, ಯಾಂಡೆಕ್ಸ್, ಟಿನ್‌ಐ ಮೂರರಲ್ಲೂ ಹಾಕಿ. ಒಂದರಲ್ಲಿ ಸಿಗದ್ದು ಇನ್ನೊಂದರಲ್ಲಿ ಸಿಗುತ್ತದೆ, ಟಿನ್‌ಐನಲ್ಲಿ ಹಳೆಯದು ಮೊದಲು ಬರುವಂತೆ ಜೋಡಿಸಬಹುದು. ಏನೂ ಸಿಗದಿದ್ದರೆ ಚಿತ್ರವನ್ನು ಎಡಬಲ ತಿರುಗಿಸಿ ಮತ್ತೊಮ್ಮೆ ಹುಡುಕಿ. ನಿಜವಾದ ದೃಶ್ಯವನ್ನೇ ಬೇರೆ ಊರಿನದೆಂದೋ ಬೇರೆ ವರ್ಷದ್ದೆಂದೋ ತೋರಿಸುವುದು ಪೂರ್ತಿ ನಕಲಿ ತಯಾರಿಸುವುದಕ್ಕಿಂತ ಸುಲಭ. ಆದ್ದರಿಂದ "ವಿಡಿಯೊ ಅಸಲಿ" ಎಂದು ಗೊತ್ತಾದಲ್ಲಿಗೆ ಕೆಲಸ ಮುಗಿಯುವುದಿಲ್ಲ.

ಇನ್ನು, ಪಿತೂರಿ ಮಾತು ಹುಟ್ಟುವುದಕ್ಕೂ ಮೊದಲೇ ಅಚ್ಚಾದ ದಾಖಲೆ ಇದೆಯೇ ನೋಡಿ. ಒಬಾಮಾ ವಿಚಾರದಲ್ಲಿ ಇದ್ದದ್ದು ಅಂಥದ್ದೇ. 2011ರ ಏಪ್ರಿಲ್ 27ರಂದು ಅಧ್ಯಕ್ಷರ ಕಚೇರಿ ಜನನ ಪ್ರಮಾಣಪತ್ರದ ಪೂರ್ಣ ಪ್ರತಿ ಬಿಡುಗಡೆ ಮಾಡಿತು. ಅದು ನಕಲಿ ಎಂದು ವಾದಿಸುವವರು ವಾದಿಸಿದರು. ಆದರೆ 1961ರ ಆಗಸ್ಟ್‌ನಲ್ಲಿ ಹೊನೊಲುಲುವಿನ ಎರಡು ಪತ್ರಿಕೆಗಳು ಆ ಮಗುವಿನ ಜನನದ ಪ್ರಕಟಣೆ ಹಾಕಿದ್ದವು. ಐವತ್ತು ವರ್ಷ ಹಳೆಯ ಪತ್ರಿಕೆಗೆ ಮುಂದೆ ಏಳುವ ಜಗಳ ಗೊತ್ತಿರಲು ಸಾಧ್ಯವಿಲ್ಲ. ವಿವಾದಕ್ಕಿಂತ ಹಿಂದಿನ ಒಂದು ಕಾಗದ, ವಿವಾದದ ನಂತರದ ಹತ್ತು ಸ್ಪಷ್ಟೀಕರಣಗಳಿಗಿಂತ ಬೆಲೆಬಾಳುತ್ತದೆ.

ಹಂತ 5: ವೇದಿಕೆಯ ಮಾತು, ಪ್ರಮಾಣದ ಮಾತು

ಸಮಯ ಕಡಿಮೆಯಿದ್ದರೆ ಉಳಿದೆಲ್ಲ ಬಿಟ್ಟು ಇದೊಂದನ್ನಾದರೂ ಮಾಡಿ. ಒಂದು ಹಾಳೆಯನ್ನು ಉದ್ದಕ್ಕೆ ಎರಡು ಭಾಗ ಮಾಡಿ. ಎಡಕ್ಕೆ ಸಭೆ, ಟಿವಿ, ಜಾಲತಾಣಗಳಲ್ಲಿ ಹೇಳಿದ್ದನ್ನು ಬರೆಯಿರಿ. ಬಲಕ್ಕೆ ನ್ಯಾಯಾಲಯದ ಅರ್ಜಿ, ಪ್ರಮಾಣಪತ್ರ (ಅಫಿಡವಿಟ್), ತನಿಖಾ ಸಮಿತಿಯ ಮುಂದಿನ ಸಾಕ್ಷ್ಯದಲ್ಲಿ ಅದೇ ನಾಯಕರು ಅಥವಾ ಅವರ ವಕೀಲರು ಹೇಳಿದ್ದನ್ನು ಬರೆಯಿರಿ. ಅರ್ಜಿಯ ಪ್ರತಿಗಳು, ತೀರ್ಪುಗಳು ಅನೇಕ ದೇಶಗಳಲ್ಲಿ ಆನ್‌ಲೈನ್‌ನಲ್ಲಿ ಸಿಗುತ್ತವೆ. ತೀರ್ಪಿನಲ್ಲಿ ವಾದಿಗಳ ವಾದವನ್ನು ಸಂಗ್ರಹಿಸಿದ ಭಾಗ, ನ್ಯಾಯಾಧೀಶರು ಪುರಾವೆಯ ಬಗ್ಗೆ ಹೇಳಿದ ಭಾಗ ಎರಡನ್ನೂ ಓದಿದರೆ ನಿಮಗೆ ಬೇಕಾದ್ದು ಸಿಗುತ್ತದೆ. ಸುದ್ದಿ ಶೀರ್ಷಿಕೆ ಓದಿ ಬಿಡಬೇಡಿ.

2020ರ ಅಮೆರಿಕ ಅಧ್ಯಕ್ಷೀಯ ಚುನಾವಣೆಯಲ್ಲಿ ಈ ಎರಡು ಕಾಲಂಗಳ ನಡುವಿನ ಕಂದಕ ಕಣ್ಣಿಗೆ ಹೊಡೆಯುವಂತಿದೆ. ಸೋತ ಟ್ರಂಪ್ ಕಡೆಯವರಿಂದ ವೇದಿಕೆಗಳಲ್ಲಿ ಭಾರಿ ಅಕ್ರಮದ ಮಾತು. ನವೆಂಬರ್ 17ರಂದು ಪೆನ್ಸಿಲ್ವೇನಿಯಾದ ಫೆಡರಲ್ ನ್ಯಾಯಾಲಯದಲ್ಲಿ ನ್ಯಾಯಾಧೀಶರು ಕೇಳಿದಾಗ, ಟ್ರಂಪ್ ಪರ ವಕೀಲ ರೂಡಿ ಜೂಲಿಯಾನಿ ಇದು ವಂಚನೆಯ ಮೊಕದ್ದಮೆ ಅಲ್ಲ ಎಂದರು. ನಾಲ್ಕು ದಿನಕ್ಕೆ ಮೊಕದ್ದಮೆ ವಜಾ ಆಯಿತು. ಅಂಥ 60ಕ್ಕೂ ಹೆಚ್ಚು ಮೊಕದ್ದಮೆಗಳು ನೆಲಕಚ್ಚಿದವು. ಜಾರ್ಜಿಯಾದಲ್ಲಿ ಸುಮಾರು 50 ಲಕ್ಷ ಮತಪತ್ರಗಳನ್ನು ಕೈಯಿಂದ ಎಣಿಸಲಾಯಿತು, ಗೆದ್ದವರು ಬದಲಾಗಲಿಲ್ಲ. ಅದೇ ರಾಜ್ಯದ ಇಬ್ಬರು ಚುನಾವಣಾ ಸಿಬ್ಬಂದಿಯ ಮೇಲೆ ಆರೋಪ ಹೊರಿಸಿದ್ದ ಜೂಲಿಯಾನಿ, ತಮ್ಮ ಹೇಳಿಕೆಗಳು ಸುಳ್ಳೆಂಬುದನ್ನು ಪ್ರಶ್ನಿಸುವುದಿಲ್ಲ ಎಂದು 2023ರ ಜುಲೈನಲ್ಲಿ ನ್ಯಾಯಾಲಯಕ್ಕೆ ಬರೆದುಕೊಟ್ಟರು. ಡಿಸೆಂಬರ್‌ನಲ್ಲಿ ಜ್ಯೂರಿ ಅವರಿಗೆ 14.8 ಕೋಟಿ ಡಾಲರ್ ಪರಿಹಾರ ವಿಧಿಸಿತು. ಆ ಹೊತ್ತಿಗಾಗಲೇ ಆ ಇಬ್ಬರೂ ಬೆದರಿಕೆಗಳಿಗೆ ಅಂಜಿ ಬದುಕುವಂತಾಗಿತ್ತು. ದಯವಿಟ್ಟು ಇದನ್ನು ನೆನಪಿಡಿ: ಆರೋಪದಲ್ಲಿ ಸಾಮಾನ್ಯ ನೌಕರರ ಹೆಸರೋ ಮುಖವೋ ಇದ್ದರೆ ಅದನ್ನು ಎಲ್ಲೂ ಹಂಚಬೇಡಿ, "ಇದು ಸುಳ್ಳು" ಎಂದು ತೋರಿಸುವುದಕ್ಕೂ ಕೂಡ.

ಒಂದು ಎಚ್ಚರಿಕೆ. ಸದನದೊಳಗಿನ ಮಾತನ್ನು ಬಲಗಡೆಗೆ ಹಾಕಬೇಡಿ. ಬಹಳಷ್ಟು ಪ್ರಜಾಪ್ರಭುತ್ವಗಳಲ್ಲಿ ಸದಸ್ಯರು ಸದನದಲ್ಲಿ ಹೇಳಿದ್ದಕ್ಕೆ ಮಾನನಷ್ಟ ಮೊಕದ್ದಮೆ ಹೂಡಲಾಗದು. ಸದನದಲ್ಲಿ ಹೆಸರು ಹಿಡಿದು ಆರೋಪ ಮಾಡಿ, ಹೊರಗೆ ಬಂದು ಅದೇ ಹೆಸರನ್ನು ನುಂಗುವವರಿದ್ದಾರೆ. ಆ ವ್ಯತ್ಯಾಸ ಕಂಡರೆ ಅದನ್ನೇ ಬರೆದುಕೊಳ್ಳಿ.

ಪುರಾವೆ ಕೊಡುತ್ತೇನೆ ಎಂದು ದಿನ ಗೊತ್ತುಮಾಡಿದ್ದರೆ ಆ ದಿನ ಏನಾಯಿತೆಂದು ನೋಡಿ. ಬ್ರೆಜಿಲ್‌ನ ಜೈರ್ ಬೊಲ್ಸನಾರೊ 2018ರಲ್ಲಿ ಅಧ್ಯಕ್ಷ ಚುನಾವಣೆ ಗೆದ್ದದ್ದು ವಿದ್ಯುನ್ಮಾನ ಮತಯಂತ್ರಗಳ ಮೂಲಕವೇ. ಆಮೇಲೆ ಅವೇ ಯಂತ್ರಗಳಲ್ಲಿ ಮೋಸವಿದೆ ಎನ್ನುತ್ತ ಬಂದರು. ಪುರಾವೆ ಮುಂದಿಡುವುದಾಗಿ ಹೇಳಿ 2021ರ ಜುಲೈ 29ರಂದು ನೇರ ಪ್ರಸಾರಕ್ಕೆ ಬಂದವರು, ತಮ್ಮ ಬಳಿ ಇರುವುದು ಸೂಚನೆಗಳು ಮಾತ್ರ ಎಂದರು. ಮುಂದಿನ ವರ್ಷ ಜುಲೈ 18ರಂದು ವಿದೇಶಿ ರಾಯಭಾರಿಗಳನ್ನು ಕರೆಸಿ ಮತ್ತೆ ಅದೇ ಮಾತಾಡಿದರು. ಆ ಸಭೆಯ ಕಾರಣಕ್ಕೇ 2023ರ ಜೂನ್ 30ರಂದು ಅಲ್ಲಿನ ಉನ್ನತ ಚುನಾವಣಾ ನ್ಯಾಯಾಲಯ 5–2 ಬಹುಮತದಿಂದ ಅವರನ್ನು 2030ರವರೆಗೆ ಚುನಾವಣೆಯಿಂದ ದೂರವಿಟ್ಟಿತು.

ಹಂತ 6: ನಿಜವಾಗಿ ನಡೆದಿದ್ದರೆ ಏನು ಸಿಗಬೇಕಿತ್ತು?

ಈಗ ಮಾತನ್ನು ಪೂರ್ತಿ ನಿಜವೆಂದೇ ಇಟ್ಟುಕೊಳ್ಳಿ. ಹಾಗಿದ್ದರೆ ಎಷ್ಟು ಜನಕ್ಕೆ ಗೊತ್ತಿರಬೇಕು, ಹಣ ಎಲ್ಲಿಂದ ಎಲ್ಲಿಗೆ ಹೋಗಿರಬೇಕು, ಯಾವ ಕಾಗದ ಹುಟ್ಟಿರಬೇಕು ಎಂದು ಪಟ್ಟಿ ಮಾಡಿ, ಅವುಗಳನ್ನು ಹುಡುಕಿ.

ಸಾಬೀತಾದ ಪಿತೂರಿಗಳು ಈ ಜಾಡನ್ನು ಬಿಟ್ಟೇ ಹೋಗಿವೆ. ವಾಷಿಂಗ್ಟನ್‌ನ ವಾಟರ್‌ಗೇಟ್ ಕಟ್ಟಡದಲ್ಲಿದ್ದ ವಿರೋಧ ಪಕ್ಷದ ಕಚೇರಿಗೆ ನುಗ್ಗಿದ ಐವರು 1972ರ ಜೂನ್ 17ರಂದು ಸಿಕ್ಕಿಬಿದ್ದರು. ಅವರ ಬಳಿಯಿದ್ದ ಹಣದ ಜಾಡು ಆಗಿನ ಅಧ್ಯಕ್ಷ ರಿಚರ್ಡ್ ನಿಕ್ಸನ್ ಅವರ ಚುನಾವಣಾ ನಿಧಿಯತ್ತ ಹೋಯಿತು. ತನಿಖೆಯನ್ನು ತಡೆಯುವ ಬಗ್ಗೆ ಜೂನ್ 23ರಂದು ಅವರು ಆಡಿದ ಮಾತುಕತೆಯ ಟೇಪ್ ಹೊರಬಿದ್ದ ಮೇಲೆ 1974ರ ಆಗಸ್ಟ್ 9ರಂದು ನಿಕ್ಸನ್ ಅಧಿಕಾರ ಬಿಟ್ಟರು. ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆ 1932ರಿಂದ 1972ರವರೆಗೆ ಸಿಫಿಲಿಸ್ ಇದ್ದ 399 ಕಪ್ಪು ಜನರಿಗೆ ನಿಜವಾದ ಚಿಕಿತ್ಸೆ ಕೊಡದೆ ಗಮನಿಸುತ್ತ ಕೂತಿತು. ಅದು ಹೊರಬಂದದ್ದು ಒಳಗಿನವರೊಬ್ಬರು ಪತ್ರಕರ್ತರಿಗೆ ತಿಳಿಸಿದ್ದರಿಂದ. ಎರಡರಲ್ಲೂ ಗುರಿ ಸೀಮಿತ, ಮಾಡಿದವರಿಗೆ ಹೆಸರುಂಟು, ಕಾಗದವುಂಟು, ಬಾಯಿಬಿಟ್ಟವರುಂಟು. ಸಾವಿರಾರು ಜನ, ಹತ್ತಾರು ದೇಶ, ಎಲ್ಲ ಪಕ್ಷಗಳೂ ಸೇರಿ ವರ್ಷಗಟ್ಟಲೆ ಗುಟ್ಟು ಕಾಪಾಡಿಕೊಂಡಿವೆ ಎನ್ನುವ ಮಾತಿಗೆ ಅದಕ್ಕೆ ತಕ್ಕಷ್ಟು ಜಾಡನ್ನು ಕೇಳಿ.

ಜಾಡು ಸಿಗದಿದ್ದಾಗ ಹೇಳಿದವರು ಏನನ್ನುತ್ತಾರೆ? "ಪುರಾವೆ ಸಿಗದಿರುವುದೇ ಪಿತೂರಿಗೆ ಪುರಾವೆ" ಎಂದರೆ ಅಲ್ಲಿಗೆ ಪರೀಕ್ಷೆ ಮುಗಿಯಿತು. ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಟ್ರಂಪ್ ಪಕ್ಷದವರೇ ಆಗಿದ್ದ ರಾಜ್ಯ ಸೆನೆಟ್ ನಾಯಕರು ತಾವೇ ಆರಿಸಿದ ಸಂಸ್ಥೆಯಿಂದ ಮಾರಿಕೋಪಾ ಕೌಂಟಿಯ 2020ರ ಮತಪತ್ರಗಳನ್ನು ಮತ್ತೆ ಎಣಿಸಿದರು. 2021ರ ಸೆಪ್ಟೆಂಬರ್‌ನ ಆ ವರದಿಯಲ್ಲಿ ಚುನಾವಣೆ ಗೆದ್ದಿದ್ದ ಜೋ ಬೈಡನ್‌ಗೆ 99 ಮತ ಹೆಚ್ಚಾಯಿತು, ಟ್ರಂಪ್‌ಗೆ 261 ಕಡಿಮೆಯಾಯಿತು. ಆರೋಪ ನಿಲ್ಲಲಿಲ್ಲ. ಯಾವ ಫಲಿತಾಂಶ ಬಂದರೆ ಈ ಮಾತನ್ನು ಕೈಬಿಡುತ್ತೀರಿ ಎಂದು ಎಣಿಕೆಗೆ ಮೊದಲೇ ಕೇಳಿ ಬರೆಸಿಕೊಳ್ಳಬೇಕಾದ್ದು ಇದಕ್ಕೇ.

ಹಂತ 7: ಮಾತಿನ ಬೆನ್ನಿಗೆ ಯಾವ ಆದೇಶ ಬಂತು?

ಅಧಿಕಾರದಲ್ಲಿರುವವರ ಮಾತಾದರೆ ಇಲ್ಲಿ ಹೆಚ್ಚು ಹೊತ್ತು ನಿಲ್ಲಿ. ಹೇಳಿಕೆಯ ದಿನಾಂಕದ ಪಕ್ಕ ಮುಂದಿನ ಆರು ತಿಂಗಳ ಸರ್ಕಾರಿ ಕ್ರಮಗಳನ್ನು ಬರೆಯಿರಿ: ಬಂಧನ, ಕಾನೂನು, ನಿಲ್ಲಿಸಿದ ಯೋಜನೆ, ಎತ್ತಂಗಡಿಯಾದ ಅಧಿಕಾರಿ. ಯಾರ ತಪ್ಪು ಮರೆಯಾಯಿತು ಎಂಬ ಇನ್ನೊಂದು ಕಾಲಂ ಸೇರಿಸಿ.

ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಸೇನಾನಾಯಕ ಎರಿಕ್ ಲುಡೆನ್‌ಡಾರ್ಫ್ 1918ರ ಸೆಪ್ಟೆಂಬರ್ 29ರಂದು ಕೂಡಲೇ ಕದನವಿರಾಮ ಕೇಳಬೇಕೆಂದು ಜರ್ಮನ್ ಚಕ್ರವರ್ತಿ ಕೈಸರ್‌ನನ್ನು ಒತ್ತಾಯಿಸಿದರು. ಮರುವರ್ಷ ನವೆಂಬರ್‌ನಲ್ಲಿ ಸಂಸದೀಯ ತನಿಖಾ ಸಮಿತಿಯ ಮುಂದೆ ಅವರ ಜೊತೆಗಾರ ಪೌಲ್ ಫಾನ್ ಹಿಂಡೆನ್‌ಬರ್ಗ್, ಸೇನೆಯ ಬೆನ್ನಿಗೆ ಒಳಗಿನವರೇ ಚೂರಿ ಹಾಕಿದರು ಎಂಬ ಮಾತನ್ನು ಮುಂದಿಟ್ಟರು. ಸೋಲು ಒಪ್ಪಿಕೊಂಡವರು ಯಾರೆಂಬುದು ಮರೆಗೆ ಸರಿಯಿತು, ಹೊಣೆ ಪ್ರಜಾಪ್ರಭುತ್ವವಾದಿಗಳ, ಸಮಾಜವಾದಿಗಳ, ಯಹೂದಿಗಳ ಹೆಗಲೇರಿತು. ಪ್ರಮಾಣದ ಜಾಗದಲ್ಲೂ ಸುಳ್ಳು ನುಸುಳುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಬಲಗಡೆಯ ಕಾಲಂ ಅನ್ನೂ ದಿನಾಂಕಗಳ ಜೊತೆ ತಾಳೆ ನೋಡಬೇಕು.

ಸೋವಿಯತ್ ಒಕ್ಕೂಟದಲ್ಲಿ 1953ರ ಜನವರಿ 13ರಂದು ಆಳುವ ಕಮ್ಯುನಿಸ್ಟ್ ಪಕ್ಷದ 'ಪ್ರಾವ್ದಾ' ಪತ್ರಿಕೆ, ವೈದ್ಯರ ಗುಂಪೊಂದು ನಾಯಕರನ್ನು ಕೊಲ್ಲಲು ಸಂಚು ಹೂಡಿದೆ ಎಂದು ಪ್ರಕಟಿಸಿತು. ಹೆಸರಿಸಿದವರಲ್ಲಿ ಹೆಚ್ಚಿನವರು ಯಹೂದಿಗಳು. ಮಾರ್ಚ್ 5ರಂದು ಸ್ಟಾಲಿನ್ ಸತ್ತರು. ಏಪ್ರಿಲ್ 4ರಂದು ಅದೇ ಪತ್ರಿಕೆಯಲ್ಲಿ, ತಪ್ಪೊಪ್ಪಿಗೆಗಳನ್ನು ಕಾನೂನು ಒಪ್ಪದ ವಿಧಾನದಿಂದ ಪಡೆಯಲಾಗಿತ್ತು ಎಂದು ಅಚ್ಚಾಯಿತು.

ಆರೋಗ್ಯದ ವಿಷಯದಲ್ಲಿ ಇಂಥ ಮಾತಿನ ಬೆಲೆಯನ್ನು ಜೀವಗಳಿಂದ ತೆರಬೇಕಾಗುತ್ತದೆ. ದಕ್ಷಿಣ ಆಫ್ರಿಕದ ಆಗಿನ ಅಧ್ಯಕ್ಷ ಥಾಬೊ ಎಂಬೆಕಿ, ಎಚ್ಐವಿಯಿಂದಲೇ ಏಡ್ಸ್ ಬರುತ್ತದೆ ಎಂಬುದನ್ನು ಪ್ರಶ್ನಿಸಿದರು. 2000ದ ಜುಲೈನಲ್ಲಿ 5,000ಕ್ಕೂ ಹೆಚ್ಚು ವಿಜ್ಞಾನಿಗಳು ಸಹಿ ಹಾಕಿ ಡರ್ಬನ್ ಘೋಷಣೆ ಹೊರಡಿಸಿ ಅದಕ್ಕೆ ಉತ್ತರಿಸಿದರು. ತಾಯಿಯಿಂದ ಮಗುವಿಗೆ ಸೋಂಕು ತಡೆಯುವ ನೆವಿರಾಪಿನ್ ಔಷಧಿಯನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಕೊಡುವಂತೆ 2002ರ ಜುಲೈನಲ್ಲಿ ಸಾಂವಿಧಾನಿಕ ನ್ಯಾಯಾಲಯವೇ ಆದೇಶಿಸಬೇಕಾಯಿತು. ಈ ವಿಳಂಬದಿಂದ 2000–2005ರ ನಡುವೆ 3,30,000ಕ್ಕೂ ಹೆಚ್ಚು ಜೀವ ಹೋದವೆಂದು ಹಾರ್ವರ್ಡ್‌ನ ಸಂಶೋಧಕರು 2008ರಲ್ಲಿ ಅಂದಾಜಿಸಿದರು.

ನೈಜೀರಿಯದ ಕಾನೊ ರಾಜ್ಯದ ಪ್ರಕರಣವನ್ನು ನಿಧಾನವಾಗಿ ಓದಬೇಕು. ಪೋಲಿಯೊ ಹನಿಯಲ್ಲಿ ಸಂತಾನಹೀನತೆ ತರುವ ಪದಾರ್ಥ ಬೆರೆಸಿದ್ದಾರೆ ಎಂಬ ಮಾತಿನ ಮೇಲೆ 2003ರಲ್ಲಿ ರಾಜ್ಯ ಸರ್ಕಾರ ಲಸಿಕೆ ನಿಲ್ಲಿಸಿತು. ಅಲ್ಲಿಂದ ಹೊರಟ ವೈರಸ್ ಪೋಲಿಯೊ ಮುಕ್ತವಾಗಿದ್ದ ಹಲವು ದೇಶಗಳಿಗೆ ಹರಡಿತು. 2004ರಲ್ಲಿ ಇಂಡೊನೇಷ್ಯಾದಲ್ಲಿ ತಯಾರಾದ ಲಸಿಕೆ ತರಿಸಿದ ಮೇಲೆ ಮತ್ತೆ ಶುರುವಾಯಿತು. ಆದರೆ ಅದೇ ಕಾನೊದಲ್ಲಿ 1996ರ ಮೆದುಳು ಜ್ವರದ ಹಾವಳಿಯಲ್ಲಿ ಫೈಜರ್ ಕಂಪನಿ ಮಕ್ಕಳ ಮೇಲೆ ನಡೆಸಿದ ಔಷಧ ಪ್ರಯೋಗ ದೊಡ್ಡ ವಿವಾದವಾಗಿತ್ತು. ಆ ನೋವು ಕಲ್ಪಿತವಲ್ಲ. ಸುಳ್ಳು ಪಿತೂರಿ ಮಾತು ನಿಜವಾದ ಗಾಯದ ಮೇಲೆ ಕೂರುತ್ತದೆ. ನಿಮ್ಮ ಟಿಪ್ಪಣಿಯಲ್ಲಿ ಆ ಗಾಯಕ್ಕೊಂದು ಸಾಲು ಇರಲೇಬೇಕು. ಅದನ್ನು ಬಿಟ್ಟು ಬರೀ "ಸುಳ್ಳು" ಎಂದರೆ ನೊಂದವರು ನಿಮ್ಮ ಮಾತಿಗೆ ಕಿವಿಗೊಡುವುದಿಲ್ಲ.

ಹಂತ 8: ತೀರ್ಮಾನ ಬರೆಯುವುದು, ತಿಳಿಸುವುದು

"ನಿಜ", "ಸುಳ್ಳು" ಎಂಬ ಎರಡೇ ಪೆಟ್ಟಿಗೆ ಸಾಲದು. ನಾಲ್ಕು ಇಟ್ಟುಕೊಳ್ಳಿ: ಸಾಬೀತಾಗಿದೆ, ಪುರಾವೆ ಇಲ್ಲ, ಪುರಾವೆ ವಿರುದ್ಧವಾಗಿದೆ, ಪರೀಕ್ಷಿಸಲು ಬರುವುದಿಲ್ಲ. ಎರಡನೆಯದನ್ನೂ ಮೂರನೆಯದನ್ನೂ ಬೆರೆಸಬೇಡಿ. ಹೆಚ್ಚಿನ ಎಡವಟ್ಟು ಆಗುವುದು ಅಲ್ಲೇ. ಒಂದೇ ಭಾಷಣದ ಬೇರೆ ಬೇರೆ ಎಳೆಗಳು ಬೇರೆ ಬೇರೆ ಪೆಟ್ಟಿಗೆಗೆ ಹೋಗಬಹುದು. ಬರೆಯುವ ಮುನ್ನ ನಾಯಕರ ಹೆಸರು ತೆಗೆದು ನಿಮಗೆ ಮೆಚ್ಚುಗೆಯಾದ ನಾಯಕರ ಹೆಸರು ಹಾಕಿ ಓದಿ. ತೀರ್ಪು ಬದಲಾಗಬೇಕು ಅನ್ನಿಸಿದರೆ ಹಂತ 2ಕ್ಕೆ ವಾಪಸು ಹೋಗಿ.

ಶೀರ್ಷಿಕೆಯಲ್ಲಿ ಪಿತೂರಿ ಮಾತನ್ನು ಹಾಕಿ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಇಡಬೇಡಿ. ಮತ್ತೆ ಮತ್ತೆ ಕೇಳಿದ ವಾಕ್ಯ ನಿಜವೆಂದು ಅನ್ನಿಸತೊಡಗುತ್ತದೆ ಎಂಬುದನ್ನು 1977ರಷ್ಟು ಹಿಂದೆಯೇ ಮನಶ್ಶಾಸ್ತ್ರಜ್ಞರು ಪ್ರಯೋಗದಲ್ಲಿ ತೋರಿಸಿದ್ದಾರೆ. ಮೊದಲು ನಡೆದದ್ದೇನೆಂದು ಬರೆಯಿರಿ, ಆಮೇಲೆ ತಪ್ಪು ಮಾತನ್ನು ಒಂದೇ ಸಲ ಹೇಳಿ, ಅದು ಎಲ್ಲಿ ಎಡವಿತು ಎಂದು ತಿಳಿಸಿ, ನಡೆದದ್ದರಿಂದಲೇ ಮುಗಿಸಿ. ನಾಲ್ಕೈದು ವಾಕ್ಯ ಸಾಕು. ಮೂಲ ಕ್ಲಿಪ್ ಹಂಚಬೇಡಿ. ತೋರಿಸಲೇಬೇಕಾದರೆ ಚಿತ್ರದ ಮೇಲೆ ಅಡ್ಡಲಾಗಿ "ತಪ್ಪು" ಎಂದು ದೊಡ್ಡದಾಗಿ ಬರೆದು ತೋರಿಸಿ.

ಮನೆಯವರೋ ಗೆಳೆಯರೋ ನಂಬಿದ್ದರೆ ಗ್ರೂಪ್‌ನಲ್ಲಿ ಎಲ್ಲರೆದುರು ತಿದ್ದಬೇಡಿ. ಅಲ್ಲಿ ಅವರು ಮಾತನ್ನಲ್ಲ, ಮರ್ಯಾದೆಯನ್ನು ಕಾಯಬೇಕಾಗುತ್ತದೆ. ಫೋನ್ ಮಾಡಿ, ಇಲ್ಲವೇ ಎದುರು ಕೂತು ಮಾತಾಡಿ. "ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ" ಎಂದರೆ ಜಗಳಕ್ಕೆ ಇಳಿಯಬೇಡಿ. ಬೆಂಕಿ ಎಲ್ಲಿದೆ ಎಂದು ಇಬ್ಬರೂ ಕೂಡಿ ಹುಡುಕೋಣ ಎಂದು ಹಂತ 5ರ ಹಾಳೆ ತೆಗೆಯಿರಿ. ಒಂದೇ ಎಳೆ ಹಿಡಿಯಿರಿ, ಒಂದೇ ಸಲ ಹತ್ತಕ್ಕೆ ಕೈಹಾಕಿದರೆ ಯಾವುದೂ ಬಗೆಹರಿಯುವುದಿಲ್ಲ.

ಹಂತ 9: ಕಡತವನ್ನು ತೆರೆದಿಡಿ

ಪ್ರತಿ ತೀರ್ಮಾನದ ಮೇಲೂ ದಿನಾಂಕ ಹಾಕಿ, ಮೂರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ತೆರೆದು ನೋಡಿ. ಹೊಸ ತೀರ್ಪು, ಬಿಡುಗಡೆಯಾದ ಕಡತ, ನಾಯಕರೇ ಕೊಟ್ಟ ಒಪ್ಪಿಗೆ ಬಂದಿರಬಹುದು. ಒಬಾಮಾ ಹುಟ್ಟಿದ್ದು ಅಮೆರಿಕದಲ್ಲೇ ಎಂದು ಟ್ರಂಪ್ ಹೇಳಿದ್ದು 2016ರ ಸೆಪ್ಟೆಂಬರ್ 16ರಂದು, ಐದು ವರ್ಷದ ನಂತರ. ಟಸ್ಕೀಗಿಯ ಸತ್ಯ ಹೊರಬರಲು 40 ವರ್ಷ ಹಿಡಿಯಿತು. "ಪುರಾವೆ ಇಲ್ಲ" ಎಂಬ ಪೆಟ್ಟಿಗೆಯಿಂದ ಒಂದು ಎಳೆ ಹೊರಬಿದ್ದರೆ, ಅದು ಯಾವ ಕಡೆಗೇ ಹೋಗಲಿ, ಮೊದಲು ಬರೆದ ಜಾಗದಲ್ಲೇ ತಿದ್ದುಪಡಿ ಹಾಕಿ. ಹಳೆಯ ಸಾಲನ್ನು ಅಳಿಸಬೇಡಿ. ಅದರ ಕೆಳಗೆ ಹೊಸ ದಿನಾಂಕ, ಬದಲಾದದ್ದು ಏನು, ಯಾವ ದಾಖಲೆಯಿಂದ ಎಂದು ಬರೆಯಿರಿ, ನೀವು ಮೊದಲು ಯಾರಿಗೆಲ್ಲ ಕಳಿಸಿದ್ದಿರೋ ಅವರಿಗೆಲ್ಲ ಮತ್ತೊಮ್ಮೆ ಕಳಿಸಿ.